ಪದವಿ ವಿದ್ಯಾರ್ಥಿಗಳಿಗೆ ವ್ಯವಹಾರ ಯೋಜನೆ ಕಲಿಸುವ ಕ್ರಮ: ಮೊದಲು ಮಾರಾಟ, ಆಮೇಲೆ ಲೆಕ್ಕ, ಕೊನೆಗೆ ಬರವಣಿಗೆ

ಬಿ.ಕಾಂ. ಮತ್ತು ಬಿ.ಬಿ.ಎ. ತರಗತಿಗಳಲ್ಲಿ ಉದ್ಯಮಶೀಲತೆ ಕಲಿಸುವ ಅಧ್ಯಾಪಕರೆಲ್ಲರ ಅನುಭವ ಒಂದೇ ಬಗೆಯದು. ಸೆಮಿಸ್ಟರಿನ ಕೊನೆಯ ವಾರ ಮೇಜಿನ ಮೇಲೆ ನಲವತ್ತು ಪುಟಗಳ ಸ್ಪೈರಲ್ ಬೈಂಡಿಂಗ್ ವರದಿಗಳು ಬಂದು ಕೂರುತ್ತವೆ. ಶೀರ್ಷಿಕೆಗಳೆಲ್ಲ ಸರಿಯಿರುತ್ತವೆ, ಅಂಕಿಗಳೂ ಕೂಡಿ ಬರುತ್ತವೆ, ಆದರೆ ಅವುಗಳಲ್ಲಿ ಒಂದನ್ನು ಹಿಡಿದು ಯಾರಾದರೂ ಅಂಗಡಿಯ ಬಾಗಿಲು ತೆರೆಯುವುದು ಸಾಧ್ಯವಿಲ್ಲ. ನಾನೂ ಮೊದಲ ಕೆಲವು ವರ್ಷ ಕಪ್ಪು ಹಲಗೆಯ ಮೇಲೆ ಹತ್ತು ಶೀರ್ಷಿಕೆ ಬರೆದು, ಅವುಗಳ ಕೆಳಗೆ ತುಂಬಿಸಿಕೊಂಡು ಬನ್ನಿ ಎಂದು ಹೇಳಿಯೇ ಕಲಿಸಿದೆ. ಒಮ್ಮೆ ಪರಿಚಯದ ಬ್ಯಾಂಕ್ ಅಧಿಕಾರಿಯೊಬ್ಬರನ್ನು ಮೌಖಿಕ ಪರೀಕ್ಷೆಗೆ ಕರೆದಾಗ, ಅವರು ಅಡಿಕೆ ಹಾಳೆ ತಟ್ಟೆಯ ಘಟಕದ ವರದಿಯನ್ನು ತೆರೆದು ಒಂದೇ ಪ್ರಶ್ನೆ ಕೇಳಿದರು: "ಆಷಾಢದಲ್ಲಿ ಮದುವೆ ಇರುವುದಿಲ್ಲ. ಆ ತಿಂಗಳು ಕೆಲಸದವರಿಗೆ ಸಂಬಳ ಎಲ್ಲಿಂದ ಕೊಡುತ್ತೀರಿ?" ನಾಲ್ವರು ವಿದ್ಯಾರ್ಥಿಗಳಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅದನ್ನು ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ತಪ್ಪು ವಿದ್ಯಾರ್ಥಿಗಳದ್ದಲ್ಲ, ಕಲಿಸುವ ಕ್ರಮದ್ದು. ಕೊನೆಗೆ ಮಾಡಬೇಕಾದ ಬರವಣಿಗೆಯನ್ನು ನಾವು ಮೊದಲು ಮಾಡಿಸುತ್ತೇವೆ. ಈ ಮಾರ್ಗದರ್ಶಿಯಲ್ಲಿ ಆ ಕ್ರಮವನ್ನು ತಿರುಗಿಸಲಾಗಿದೆ. ವಿಷಯ ಗಾಳಿಯಲ್ಲಿ ತೇಲಬಾರದೆಂದು ಅದೇ ಹಾಳೆ ತಟ್ಟೆಯ ಘಟಕವನ್ನು ಕೊನೆಯವರೆಗೂ ಉದಾಹರಣೆಯಾಗಿ ಹಿಡಿದಿದ್ದೇನೆ. ಖಡಕ್ ರೊಟ್ಟಿಯಿರಲಿ, ಟೈಲರಿಂಗ್ ಇರಲಿ, ಕ್ರಮ ಇದೇ.

## ಆರಂಭಿಸುವ ಮೊದಲು ಕೈಯಲ್ಲಿರಬೇಕಾದವು

ಹದಿನಾಲ್ಕು ವಾರಗಳ ಅವಧಿ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ಬರವಣಿಗೆಯ ಹಂತವನ್ನು ಚಿಕ್ಕದು ಮಾಡಿ, ಊರು ಸುತ್ತುವ ಹಂತವನ್ನು ಮುಟ್ಟಬೇಡಿ. ಪ್ರತಿ ತಂಡಕ್ಕೂ ಒಂದು ಗಟ್ಟಿ ರಟ್ಟಿನ ನೋಟ್‌ಬುಕ್, ಬಿಲ್ಲುಗಳನ್ನು ಅಂಟಿಸಲು ಗೋಂದು, ಹನ್ನೆರಡು ತಿಂಗಳ ಕೋಷ್ಟಕ ಬರೆಯಲು ಒಂದು ದೊಡ್ಡ ಚಾರ್ಟ್ ಹಾಳೆ, ಕೆಂಪು ಮತ್ತು ನೀಲಿ ಪೆನ್ನು ಸಾಕು. ಲ್ಯಾಪ್‌ಟಾಪ್ ಹತ್ತನೆಯ ವಾರದವರೆಗೆ ಬೇಕಾಗುವುದಿಲ್ಲ. ಇದ್ದರೆ ವಿದ್ಯಾರ್ಥಿಗಳು ಹುಡುಕಿ ನಕಲು ಮಾಡಲು ಕೂರುತ್ತಾರೆ, ಹೊರಗೆ ಹೋಗುವುದಿಲ್ಲ.

ಇದರ ಜೊತೆಗೆ ಪ್ರಾಂಶುಪಾಲರ ಸಹಿಯಿರುವ ಒಂದು ಪರಿಚಯ ಪತ್ರವನ್ನು ಪ್ರತಿ ತಂಡಕ್ಕೂ ಕೊಡಿ. ಅಂಗಡಿಯವರು ಲೆಕ್ಕ ಕೇಳುವ ಅಪರಿಚಿತ ಹುಡುಗರನ್ನು ಕಂಡರೆ ತೆರಿಗೆಯವರೇನೋ ಎಂದು ಬೆದರುತ್ತಾರೆ, ಪತ್ರ ತೋರಿಸಿದರೆ ಮಾತನಾಡುತ್ತಾರೆ. ಪ್ರಯೋಗದ ಮಾರಾಟಕ್ಕೆ ತಂಡಕ್ಕೆ ₹1,500ರ ಮಿತಿ ಹಾಕಿ. ಆ ಹಣ ಕಾಲೇಜಿನ ನಿಧಿಯಿಂದ ಬಂದರೆ ಒಳ್ಳೆಯದು. ಇಲ್ಲದಿದ್ದರೆ ತಂಡದವರು ಸಮನಾಗಿ ಹಾಕಲಿ, ಆದರೆ ಮನೆಯ ಸ್ಥಿತಿ ಕಷ್ಟದಲ್ಲಿರುವ ವಿದ್ಯಾರ್ಥಿಯ ಪಾಲನ್ನು ಯಾರಿಗೂ ತಿಳಿಯದಂತೆ ಮೊದಲೇ ನೋಡಿಕೊಳ್ಳುವುದು ಅಧ್ಯಾಪಕರ ಹೊಣೆ.

## ಹಂತ 1: ತಂಡ ಮತ್ತು ವಸ್ತುವಿನ ಆಯ್ಕೆ (1ನೆಯ ವಾರ)

ತಂಡದಲ್ಲಿ ನಾಲ್ವರಿಗಿಂತ ಹೆಚ್ಚು ಜನ ಬೇಡ. ಐದನೆಯವರು ಬಂದ ಕೂಡಲೇ ಇಬ್ಬರು ಕೆಲಸ ಬಿಡುತ್ತಾರೆ. ಪ್ರತಿ ತಂಡದಲ್ಲಿ ಮನೆಯಲ್ಲಿ ವ್ಯಾಪಾರ, ತೋಟ ಅಥವಾ ಯಾವುದಾದರೂ ಕಸುಬು ಕಂಡು ಬೆಳೆದ ಒಬ್ಬರಾದರೂ ಇರುವಂತೆ ನೋಡಿ.

ವಸ್ತುವಿನ ಆಯ್ಕೆಗೆ ಮೂರು ಷರತ್ತು ಸಾಕು. ಕಾಲೇಜಿನಿಂದ 20 ಕಿಲೋಮೀಟರಿನೊಳಗೆ ಅದನ್ನು ಈಗಾಗಲೇ ಮಾಡುತ್ತಿರುವ ಒಬ್ಬರಿರಬೇಕು, ಅದನ್ನು ಕೊಳ್ಳುತ್ತಿರುವ ಹತ್ತು ಜನರನ್ನು ವಿದ್ಯಾರ್ಥಿಗಳು ಮುಖತಃ ಕಾಣುವಂತಿರಬೇಕು, ಮತ್ತು ₹1,500ರೊಳಗೆ ಸಣ್ಣ ಪ್ರಮಾಣದಲ್ಲಿ ಮಾರಿ ನೋಡಲು ಆಗಬೇಕು. ಮೊಬೈಲ್ ಆ್ಯಪ್, ಎಲೆಕ್ಟ್ರಿಕ್ ವಾಹನದ ಕಾರ್ಖಾನೆ, ರೆಸಾರ್ಟ್ ಮುಂತಾದ ಆಸೆಗಳು ಈ ಷರತ್ತಿಗೆ ತಾನಾಗಿಯೇ ಬಿದ್ದುಹೋಗುತ್ತವೆ. ವಿದ್ಯಾರ್ಥಿಗಳ ಆಸೆಯನ್ನು ಚಿವುಟಿದಂತೆ ಆಯಿತೆಂದು ಕೆಲವು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹತ್ತು ಗಿರಾಕಿಗಳ ಮುಂದೆ ನಿಂತು ಮಾತನಾಡಿದ ಮೇಲೆ ದೊಡ್ಡ ಆಸೆ ಇಟ್ಟುಕೊಳ್ಳುವವರಿಗೆ ಅದು ದಕ್ಕುತ್ತದೆ.

## ಹಂತ 2: ಊರು ಸುತ್ತಿ ವಿಚಾರಿಸುವುದು (2ರಿಂದ 4ನೆಯ ವಾರ)

ಅತಿ ಹೆಚ್ಚು ತಪ್ಪುಗಳು ನಡೆಯುವುದು ಈ ಹಂತದಲ್ಲಿ. ವಿದ್ಯಾರ್ಥಿಗಳು ಗೂಗಲ್ ಫಾರ್ಮ್ ಮಾಡಿ ತರಗತಿಯ ಗೆಳೆಯರಿಗೇ ಕಳುಹಿಸುತ್ತಾರೆ. "ಪರಿಸರಸ್ನೇಹಿ ತಟ್ಟೆಯನ್ನು ನೀವು ಕೊಳ್ಳುವಿರಾ?" ಎಂದು ಕೇಳಿದರೆ ಬೇಡ ಎನ್ನುವವರು ಯಾರು? ನೂರಕ್ಕೆ ತೊಂಬತ್ತು ಜನ ಹೌದು ಎಂದರೆಂದು ಒಂದು ದುಂಡನೆಯ ಚಿತ್ರ ಬರುತ್ತದೆ, ಅದರ ಮೇಲೆ ಇಡೀ ಯೋಜನೆ ನಿಲ್ಲುತ್ತದೆ.

ಮುಂದೆ ಏನು ಮಾಡುವಿರಿ ಎಂದು ಕೇಳದೆ ಹಿಂದೆ ಏನು ಮಾಡಿದಿರಿ ಎಂದು ಕೇಳಲು ಕಲಿಸಿ. ಹಾಳೆ ತಟ್ಟೆಯ ತಂಡಕ್ಕೆ ನಾನು ಕೊಡುವ ಪ್ರಶ್ನೆಗಳು ಇವು: ನಿಮ್ಮ ಮನೆಯ ಕಳೆದ ಕಾರ್ಯಕ್ರಮಕ್ಕೆ ಎಷ್ಟು ತಟ್ಟೆ ತಂದಿರಿ? ಯಾರಿಂದ ತಂದಿರಿ? ಒಂದಕ್ಕೆ ಎಷ್ಟು ಬಿತ್ತು? ಹಣ ಅಂದೇ ಕೊಟ್ಟಿರೋ, ಉದ್ರಿಯೋ? ಎಷ್ಟು ತಟ್ಟೆ ಕೆಟ್ಟು ಹೋಯಿತು? ತಟ್ಟೆ ಸಾಲದೆ ಹೋದಾಗ ಏನು ಮಾಡಿದಿರಿ?

ಕೊನೆಯ ಪ್ರಶ್ನೆಯಿಂದಲೇ ನಿಜವಾದ ಸ್ಪರ್ಧಿಗಳು ಯಾರೆಂದು ತಿಳಿಯುತ್ತದೆ. "ನಮ್ಮ ಊರಿನಲ್ಲಿ ಬೇರೆ ಹಾಳೆ ತಟ್ಟೆಯ ಘಟಕವಿಲ್ಲ, ಆದ್ದರಿಂದ ಸ್ಪರ್ಧಿಗಳಿಲ್ಲ" ಎಂದು ಪ್ರತಿ ವರ್ಷ ಒಂದು ತಂಡವಾದರೂ ಬರೆದುಕೊಂಡು ಬರುತ್ತದೆ. ಮಲೆನಾಡಿನ ಮದುವೆಯ ಊಟ ಬಾಳೆ ಎಲೆಯ ಮೇಲೆ ನಡೆಯುತ್ತದೆ. ತಟ್ಟೆ ಬೇಕಾಗುವುದು ಬೆಳಗಿನ ತಿಂಡಿಗೆ ಮತ್ತು ಬಫೆಗೆ. ಅಲ್ಲಿ ಶಾಮಿಯಾನದವರು ಬಾಡಿಗೆಗೆ ಕೊಡುವ ಸ್ಟೀಲ್ ತಟ್ಟೆಯೂ ಇದೆ, ಪೇಪರ್ ಪ್ಲೇಟೂ ಇದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳ ಮೇಲೆ ದೇಶದಾದ್ಯಂತ ನಿಷೇಧವಿದೆ ಎಂಬುದು ನಿಜ. ಆದರೆ ಬಿಟ್ಟುಹೋದ ಜಾಗವೆಲ್ಲ ಹಾಳೆ ತಟ್ಟೆಗೇ ಸಿಕ್ಕಿತೆಂದು ಊಹಿಸಿಕೊಳ್ಳಬಾರದು. ಊರಿನ ಅಂಗಡಿಗಳ ಮುಂದೆ ಯಾವುದನ್ನು ಪೇರಿಸಿಟ್ಟಿದ್ದಾರೆಂದು ವಿದ್ಯಾರ್ಥಿಗಳೇ ನಿಂತು ಎಣಿಸಲಿ.

ತಯಾರಕರನ್ನೂ ಕಾಣಬೇಕು. ಘಟಕದೊಳಗೆ ಒಂದು ಇಡೀ ದಿನ ನಿಲ್ಲಿಸಿ. ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಸುವುದು, ತೊಳೆಯುವುದು, ಬಿಸಿ ಅಚ್ಚಿನಲ್ಲಿ ಒತ್ತುವುದು, ಅಂಚು ಕತ್ತರಿಸುವುದು, ಒಣಗಿಸಿ ಕಟ್ಟುವುದು, ಹೀಗೆ ಪ್ರತಿಯೊಂದಕ್ಕೂ ಎಷ್ಟು ನಿಮಿಷ ಹಿಡಿಯಿತು, ನೂರು ಹಾಳೆಯಲ್ಲಿ ಎಷ್ಟು ಹರಿದು ಹೋಯಿತು, ಕರೆಂಟು ಎಷ್ಟು ಹೊತ್ತು ಇರಲಿಲ್ಲ ಎಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಯಂತ್ರ ಮಾರುವವರ ಕರಪತ್ರದಲ್ಲಿರುವ ಉತ್ಪಾದನೆಯ ಅಂಕಿಯನ್ನು ಯೋಜನೆಯಲ್ಲಿ ಬರೆಯುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳಿ.

ಎಚ್ಚರಿಕೆಯ ಲಕ್ಷಣ: ನೋಟ್‌ಬುಕ್ಕಿನಲ್ಲಿ ಎಲ್ಲ ಭೇಟಿಗಳ ಉತ್ತರ ಒಂದೇ ಶಾಯಿಯಲ್ಲಿ, ಒಂದೇ ಅಕ್ಷರದಲ್ಲಿ, ಒಂದೇ ದಿನ ಬರೆದಂತೆ ಕಂಡರೆ ತಂಡ ಹೊರಗೆ ಹೋಗಿಲ್ಲ. ನಿಜವಾದ ಭೇಟಿಯ ಟಿಪ್ಪಣಿಯಲ್ಲಿ ಕಾಟು ಹೊಡೆದ ಸಾಲುಗಳಿರುತ್ತವೆ, ಯಾರೋ ಬೈದು ಕಳುಹಿಸಿದ ಸಂಗತಿ ಇರುತ್ತದೆ.

## ಹಂತ 3: ಯಂತ್ರವಿಲ್ಲದೆ ಮಾರಿ ನೋಡುವುದು (5 ಮತ್ತು 6ನೆಯ ವಾರ)

ಯಂತ್ರ ಕೊಂಡ ಮೇಲೆ ಮಾರುಕಟ್ಟೆ ಹುಡುಕುವುದು ನಮ್ಮ ಕಡೆಯ ಸಣ್ಣ ಘಟಕಗಳು ಬಾಗಿಲು ಹಾಕುವುದಕ್ಕೆ ನಾನು ಕಂಡ ದೊಡ್ಡ ಕಾರಣ. ಆದ್ದರಿಂದ ಮಾರಾಟವನ್ನು ಮೊದಲಿಗೆ ತನ್ನಿ. ತಂಡದವರು ಈಗಾಗಲೇ ಇರುವ ಘಟಕದಿಂದ ಇನ್ನೂರು ತಟ್ಟೆಯನ್ನು ಸಗಟು ದರಕ್ಕೆ ತಂದು, ಹತ್ತು ಕಡೆ ತಿರುಗಿ ಮಾರಲಿ. ಲಾಭ ಎಷ್ಟು ಬಂತೆಂಬುದು ಇಲ್ಲಿ ಮುಖ್ಯವಲ್ಲ. ಯಾರು ಬೇಡ ಎಂದರು, ಏಕೆ ಬೇಡ ಎಂದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದು ತರಬೇಕು.

ಒಮ್ಮೆ ನಾನೂ ತಂಡದೊಂದಿಗೆ ಅಡುಗೆ ಗುತ್ತಿಗೆ ಮಾಡುವ ಭಟ್ಟರೊಬ್ಬರ ಮನೆಗೆ ಹೋಗಿದ್ದೆ. ವಿದ್ಯಾರ್ಥಿನಿ ಪರಿಸರದ ಬಗ್ಗೆ ಕಂಠಪಾಠ ಮಾಡಿಕೊಂಡಿದ್ದ ಮಾತನ್ನು ಶುರು ಮಾಡಿದಳು. ಭಟ್ಟರು ಅದನ್ನು ಕೇಳಿಸಿಕೊಳ್ಳುತ್ತಲೇ ಒಂದು ತಟ್ಟೆ ತೆಗೆದು ಮೂಗಿನ ಹತ್ತಿರ ಹಿಡಿದರು, ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಸವರಿದರು. ಆಮೇಲೆ ಒಳಗಿನಿಂದ ಒಂದು ಸೌಟು ಬಿಸಿ ಸಾರು ತರಿಸಿ ತಟ್ಟೆಗೆ ಹುಯ್ದು, ಜಗಲಿಯ ಮೇಲಿಟ್ಟು ಬೇರೆ ಮಾತಿಗೆ ತೊಡಗಿದರು. ಹತ್ತು ನಿಮಿಷದ ಮೇಲೆ ತಟ್ಟೆ ಎತ್ತಿದಾಗ ಕೆಳಗೆ ಸಿಮೆಂಟಿನ ಮೇಲೆ ಒದ್ದೆಯ ಗುರುತಿರಲಿಲ್ಲ. "ಸೋರೋದಿಲ್ಲ, ಅದು ಸರಿ. ಆದರೆ ಅಂಚು ಕೈಗೆ ತಾಗ್ತದೆ ನೋಡಮ್ಮ, ಸಣ್ಣ ಮಕ್ಕಳ ಕೈ ಕೊಯ್ದೀತು. ಮತ್ತೆ ಈ ಕಟ್ಟಿನ ಅಡಿಯ ನಾಲ್ಕಕ್ಕೆ ಬೂಷ್ಟು ವಾಸನೆ ಬಂದಿದೆ" ಎಂದರು. ಪರಿಸರದ ಮಾತನ್ನು ಅವರು ಎತ್ತಲೇ ಇಲ್ಲ. ಆ ವರ್ಷದ ವರದಿಯಲ್ಲಿ ಗುಣಮಟ್ಟದ ಅಧ್ಯಾಯ ಆ ಎರಡು ವಾಕ್ಯಗಳಿಂದಲೇ ಹುಟ್ಟಿತು. ಅಂಚನ್ನು ನಯಗೊಳಿಸಲು ಒಬ್ಬರ ಕೂಲಿ, ತೇವ ಆರಿಸಲು ಹೆಚ್ಚುವರಿ ಜಾಗ, ಎರಡೂ ವೆಚ್ಚದ ಪಟ್ಟಿಗೆ ಸೇರಿದವು.

ಮೊದಲ ಮಾರಾಟವನ್ನು ಸಾಕ್ಷಿಯೆಂದು ಒಪ್ಪಬೇಡಿ. ಕಾಲೇಜಿನ ಮಕ್ಕಳು ಬಂದಿದ್ದಾರೆಂಬ ಕರುಣೆಯಿಂದ ಎಷ್ಟೋ ಜನ ಒಂದು ಕಟ್ಟು ಕೊಳ್ಳುತ್ತಾರೆ. ಅದೇ ಗಿರಾಕಿ ಎರಡನೆಯ ಸಲ ತಾವಾಗಿಯೇ ಫೋನ್ ಮಾಡಿದರೆ ಅದು ಬೇಡಿಕೆ.

## ಹಂತ 4: ಒಂದು ತಟ್ಟೆಯ ಲೆಕ್ಕ (7 ಮತ್ತು 8ನೆಯ ವಾರ)

ಕಾಮರ್ಸ್ ವಿದ್ಯಾರ್ಥಿಗಳಿಗೆ ಲಾಭ-ನಷ್ಟದ ತಃಖ್ತೆ ಗೊತ್ತಿರುತ್ತದೆ, ಒಂದು ತಟ್ಟೆಗೆ ಎಷ್ಟು ಬಿತ್ತೆಂಬುದು ಗೊತ್ತಿರುವುದಿಲ್ಲ. ವರ್ಷದ ಲೆಕ್ಕದಿಂದ ಆರಂಭಿಸದೆ ಒಂದು ವಸ್ತುವಿನಿಂದ ಆರಂಭಿಸಿ. ಕೆಳಗಿನ ಅಂಕಿಗಳನ್ನು ಲೆಕ್ಕದ ರೀತಿ ತೋರಿಸಲೆಂದು ಹಿಡಿದಿದ್ದೇನೆ. ನಿಮ್ಮ ಊರಿನ ದರವನ್ನು ವಿದ್ಯಾರ್ಥಿಗಳೇ ಬಿಲ್ಲು ಸಹಿತ ತರಬೇಕು.

ಸಗಟು ಮಾರಾಟ ದರ ₹4.50 ಎಂದಿರಲಿ. ಒಂದು ತಟ್ಟೆಗೆ ಹಾಳೆ ಮತ್ತು ಅದರ ಸಾಗಣೆ ₹1.25, ಕೂಲಿ ₹0.70, ವಿದ್ಯುತ್ ₹0.30, ಕಟ್ಟುವುದು ಮತ್ತು ತಲುಪಿಸುವುದು ₹0.40, ಹರಿದು ಕೆಟ್ಟದ್ದರ ಪಾಲು ₹0.20. ಒಟ್ಟು ₹2.85. ಅಂದರೆ ಪ್ರತಿ ತಟ್ಟೆಯಿಂದ ಉಳಿಯುವುದು ₹1.65. ಈ ಉಳಿಕೆಯಿಂದ ತಿಂಗಳ ಸ್ಥಿರ ವೆಚ್ಚಗಳು ತೀರಬೇಕು: ಕೊಟ್ಟಿಗೆಯ ಬಾಡಿಗೆ ₹5,000, ಯಂತ್ರಕ್ಕೆಂದು ತೆಗೆದ ₹3 ಲಕ್ಷ ಸಾಲಕ್ಕೆ ವರ್ಷಕ್ಕೆ ಶೇ. 12ರಂತೆ ಬಡ್ಡಿ ₹3,000, ಯಂತ್ರದ ಸವಕಳಿ (ಬಳಸಿದಂತೆ ಇಳಿಯುವ ಅದರ ಬೆಲೆ, ನಗದಾಗಿ ಕೈಬಿಟ್ಟು ಹೋಗುವುದಲ್ಲ) ₹2,500, ದುರಸ್ತಿ, ಫೋನ್ ಇತ್ಯಾದಿ ₹2,500, ಮತ್ತು ಘಟಕ ನಡೆಸುವ ಇಬ್ಬರ ಸಂಬಳ ತಲಾ ₹10,000ದಂತೆ ₹20,000. ಒಟ್ಟು ₹33,000.

₹33,000ವನ್ನು ₹1.65ರಿಂದ ಭಾಗಿಸಿದರೆ 20,000 ತಟ್ಟೆ. ತಿಂಗಳಿಗೆ ಇಷ್ಟು ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. 25 ದಿನಗಳ ಕೆಲಸಕ್ಕೆ ದಿನಕ್ಕೆ 800 ತಟ್ಟೆ. ಈ ಸಂಖ್ಯೆ ಬಂದ ಕೂಡಲೇ ವಿದ್ಯಾರ್ಥಿಗಳನ್ನು ಎರಡನೆಯ ಹಂತದ ನೋಟ್‌ಬುಕ್ಕಿಗೆ ಹಿಂದಕ್ಕೆ ಕಳುಹಿಸಿ. ಘಟಕದಲ್ಲಿ ನಿಂತು ಎಣಿಸಿದ ದಿನ ಒಂದು ಯಂತ್ರ ಎಷ್ಟು ಒತ್ತಿತ್ತು? ಹತ್ತು ಗಿರಾಕಿಗಳು ಸೇರಿ ತಿಂಗಳಿಗೆ ಎಷ್ಟು ಕೊಳ್ಳುತ್ತಾರೆ? ಎರಡರಲ್ಲಿ ಯಾವುದು 20,000ಕ್ಕಿಂತ ಕೆಳಗಿದ್ದರೂ ಯೋಜನೆಯನ್ನು ಬದಲಿಸಬೇಕು. ಹಾಗೆ ಬದಲಿಸಿದ ತಂಡ ಸೋತಿತೆಂದು ಭಾವಿಸದಂತೆ ನೋಡಿಕೊಳ್ಳಿ.

ಸ್ವಂತ ಸಂಬಳವನ್ನು ಬಿಡುವುದು ಇಲ್ಲಿನ ಅತಿ ಸಾಮಾನ್ಯ ತಪ್ಪು. "ನಮ್ಮದೇ ಘಟಕ ಅಲ್ಲವೇ ಸರ್, ನಮಗೇಕೆ ಸಂಬಳ?" ಎಂದು ಕೇಳುತ್ತಾರೆ. ಆ ₹20,000ವನ್ನು ತೆಗೆದರೆ 7,900 ತಟ್ಟೆಗೇ ಲೆಕ್ಕ ಸರಿದೂಗಿದಂತೆ ಕಾಣುತ್ತದೆ. ಇಬ್ಬರು ಪದವೀಧರರು ಕೂಲಿಯಿಲ್ಲದೆ ದುಡಿದು ಅದನ್ನೇ ಲಾಭವೆಂದು ತಿಳಿಯುವ ಸ್ಥಿತಿ ಅದು. ಮನೆಯ ಜಾಗಕ್ಕೆ ಬಾಡಿಗೆ ಹಾಕದಿರುವುದು, ಅಮ್ಮನ ಅಥವಾ ಅಕ್ಕನ ದುಡಿಮೆಗೆ ಬೆಲೆ ಕಟ್ಟದಿರುವುದು, ಮನೆಯ ದರದಲ್ಲಿ ವಿದ್ಯುತ್ ಲೆಕ್ಕ ಹಾಕುವುದು, ಎಲ್ಲವೂ ಇದೇ ತಪ್ಪಿನ ಬೇರೆ ರೂಪಗಳು. ಮನೆಯ ಹೆಂಗಸರ ದುಡಿಮೆಯನ್ನು ಶೂನ್ಯವೆಂದು ಬರೆದ ವರದಿಯನ್ನು ನಾನು ಓದದೆ ಹಿಂದಿರುಗಿಸುತ್ತೇನೆ.

ಮುಂದಿನ ಅಭ್ಯಾಸ ದರ ಇಳಿಸುವುದು. ದೊಡ್ಡ ಗಿರಾಕಿ ಐವತ್ತು ಪೈಸೆ ಕಡಿಮೆ ಮಾಡಿ ಎಂದರೆ ಒಪ್ಪಬಹುದೇ? ₹4ಕ್ಕೆ ಮಾರಿದರೆ ಉಳಿಕೆ ₹1.15ಕ್ಕೆ ಇಳಿಯುತ್ತದೆ, ಆಗ ತಿಂಗಳಿಗೆ ಸುಮಾರು 28,700 ತಟ್ಟೆ ಮಾರಬೇಕು. ಐವತ್ತು ಪೈಸೆಯ ರಿಯಾಯಿತಿಗೆ ದಿನಕ್ಕೆ ಸುಮಾರು 350 ತಟ್ಟೆ ಹೆಚ್ಚು ಒತ್ತಬೇಕಾಯಿತು. ಇದನ್ನು ವಿದ್ಯಾರ್ಥಿಗಳು ತಾವೇ ಭಾಗಿಸಿ ಕಂಡುಕೊಳ್ಳುವ ಗಳಿಗೆ ಇಡೀ ಸೆಮಿಸ್ಟರಿನಲ್ಲಿ ನನಗೆ ಬಹಳ ಪ್ರಿಯವಾದದ್ದು, ತರಗತಿ ಇದ್ದಕ್ಕಿದ್ದಂತೆ ನಿಶ್ಶಬ್ದವಾಗುತ್ತದೆ.

## ಹಂತ 5: ಹನ್ನೆರಡು ತಿಂಗಳ ಕೈ ಹಣ (8 ಮತ್ತು 9ನೆಯ ವಾರ)

ಲಾಭದಲ್ಲಿರುವ ಘಟಕವೂ ಕೈಯಲ್ಲಿ ಹಣವಿಲ್ಲದೆ ನಿಲ್ಲಬಹುದು ಎಂಬುದನ್ನು ಮಾತಿನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಕೋಷ್ಟಕ ಬರೆಸಿದರೆ ಹೋಗುತ್ತದೆ. ಚಾರ್ಟ್ ಹಾಳೆಯಲ್ಲಿ ಹನ್ನೆರಡು ಅಂಕಣ ಎಳೆಯಿಸಿ. ಪ್ರತಿ ತಿಂಗಳಿಗೂ ಆರಂಭದ ಹಣ, ಬಂದ ಹಣ, ಹೋದ ಹಣ, ಉಳಿದ ಹಣ ಎಂಬ ನಾಲ್ಕು ಸಾಲು. ಉಳಿದ ಹಣ ಸೊನ್ನೆಗಿಂತ ಕೆಳಗೆ ಇಳಿದ ತಿಂಗಳನ್ನು ಕೆಂಪು ಪೆನ್ನಿನಲ್ಲಿ ಬರೆಯಬೇಕು. ಸಾಲದ ಅಸಲಿನ ಕಂತು ವೆಚ್ಚದ ಲೆಕ್ಕದಲ್ಲಿ ಬರಲಿಲ್ಲ, ಇಲ್ಲಿ ಬರುತ್ತದೆ. ಸವಕಳಿ ಅಲ್ಲಿ ಬಂತು, ಇಲ್ಲಿ ಬರುವುದಿಲ್ಲ. ಈ ಒಂದು ವ್ಯತ್ಯಾಸಕ್ಕೆ ಒಂದು ಪೂರ್ತಿ ತರಗತಿ ಕೊಟ್ಟರೂ ನಷ್ಟವಿಲ್ಲ.

ಈಗ ಋತುಮಾನವನ್ನು ತನ್ನಿ. ಹಾಳೆಯನ್ನು ಬಿಸಿಲಿನ ತಿಂಗಳುಗಳಲ್ಲಿ, ಸುಮಾರಾಗಿ ಡಿಸೆಂಬರಿನಿಂದ ಮೇವರೆಗೆ, ತೋಟಗಳಿಂದ ಆಯ್ದು ಒಣಗಿಸಿ ಸೋರದ ಕೊಟ್ಟಿಗೆಯಲ್ಲಿ ಪೇರಿಸಿಕೊಳ್ಳಬೇಕು. ಮಳೆ ಹಿಡಿದ ಮೇಲೆ ಬಿದ್ದ ಹಾಳೆಗೆ ಬೂಷ್ಟು ಹತ್ತುತ್ತದೆ. ಅಂದರೆ ಜೂನಿನಿಂದ ನವೆಂಬರಿನವರೆಗೆ ಬೇಕಾಗುವ ಹಾಳೆಗೆ ಹಣವನ್ನು ಮೇ ತಿಂಗಳೊಳಗೇ ಕೊಟ್ಟಿರಬೇಕು. ತಿಂಗಳಿಗೆ 20,000 ತಟ್ಟೆಗೆ ₹25,000ದ ಹಾಳೆಯಂತೆ ಆರು ತಿಂಗಳಿಗೆ ₹1,50,000. ಇನ್ನೊಂದು ಕಡೆ, ಕ್ಯಾಟರಿಂಗಿನವರು 45 ದಿನದ ಮೇಲೆ ಹಣ ಕೊಡುತ್ತಾರೆಂದಿರಲಿ. ತಿಂಗಳಿಗೆ ₹90,000ದ ವ್ಯಾಪಾರದಲ್ಲಿ ₹1,35,000 ಸದಾ ಹೊರಗೆ ಉಳಿಯುತ್ತದೆ. ಮೇ ಕೊನೆಗೆ ಈ ಎರಡೂ ಒಟ್ಟಿಗೆ ಹೊರಗಿರುತ್ತವೆ: ₹2,85,000, ಹೆಚ್ಚುಕಡಿಮೆ ಯಂತ್ರದ ಬೆಲೆಯಷ್ಟು. ಹೀಗೆ ವ್ಯವಹಾರದಲ್ಲಿ ಸಿಕ್ಕಿಕೊಂಡಿರುವ ಹಣವೇ ದುಡಿಯುವ ಬಂಡವಾಳ. ವಿದ್ಯಾರ್ಥಿಗಳ ವರದಿಯಲ್ಲಿ ಆ ಸಾಲಿನ ಮುಂದೆ ಸಾಮಾನ್ಯವಾಗಿ ₹50,000 ಎಂದು ಬರೆದಿರುತ್ತದೆ.

ಅದರ ಬೆನ್ನಿಗೇ ಆಷಾಢ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಸುರಿಯುವ ಮಳೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಆಗಲೂ ಮದುವೆಯಿಲ್ಲ, ಆದರೆ ಹಾಳೆ ಕೊಳ್ಳುವ ಕಾಲ ಶುರುವಾಗಿರುತ್ತದೆ. ಪಂಚಾಂಗವನ್ನು ಕೈಯಲ್ಲಿ ಹಿಡಿದು ಈ ಕೋಷ್ಟಕ ತುಂಬಿಸಿ. ಬೇರೆ ವ್ಯವಹಾರಗಳಿಗೂ ಅವುಗಳದೇ ಆಷಾಢವಿರುತ್ತದೆ: ಕಾಲೇಜಿನ ಮುಂದಿನ ಜೆರಾಕ್ಸ್ ಅಂಗಡಿಗೆ ಬೇಸಿಗೆ ರಜೆ, ಐಸ್‌ಕ್ರೀಮಿಗೆ ಮಳೆಗಾಲ.

ಬ್ಯಾಂಕಿನವರ ಅಳತೆಗೋಲನ್ನೂ ಪರಿಚಯಿಸಿ. ಸಣ್ಣ ಘಟಕಗಳ ದುಡಿಯುವ ಬಂಡವಾಳವನ್ನು ವರ್ಷದ ಅಂದಾಜು ವಹಿವಾಟಿನ ಶೇ. 25 ಎಂದು ಹಿಡಿದು, ಅದರಲ್ಲಿ ವಹಿವಾಟಿನ ಶೇ. 20ರಷ್ಟನ್ನು ಬ್ಯಾಂಕ್ ಸಾಲವಾಗಿ ಕೊಡುವುದು, ಶೇ. 5ರಷ್ಟನ್ನು ಉದ್ಯಮಿ ಹಾಕುವುದು ನಡೆದು ಬಂದ ಪದ್ಧತಿ. ನಮ್ಮ ಉದಾಹರಣೆಯಲ್ಲಿ ವರ್ಷದ ವಹಿವಾಟು ₹10,80,000. ಬ್ಯಾಂಕಿನ ಪಾಲು ₹2,16,000, ಸ್ವಂತದ್ದು ₹54,000, ಒಟ್ಟು ₹2,70,000. ನಾವು ಹಾಳೆ ಮತ್ತು ಉದ್ರಿಯಿಂದ ಹೊರಟು ತಲುಪಿದ ಮೊತ್ತಕ್ಕೆ ಇದು ಹತ್ತಿರವಿದೆ. ಆದರೆ ಗಿರಾಕಿಗಳು 45ರ ಬದಲು 90 ದಿನ ಎಳೆದರೆ ಇನ್ನೂ ₹1,35,000 ಬೇಕು, ಅದನ್ನು ಯಾವ ಬ್ಯಾಂಕೂ ಈ ಲೆಕ್ಕದಲ್ಲಿ ಕೊಡುವುದಿಲ್ಲ. ಉದ್ರಿಯ ಮಿತಿಯನ್ನು ಯೋಜನೆಯಲ್ಲೇ ಬರೆದಿಡಬೇಕಾದ ಕಾರಣ ಇದು.

ಎಚ್ಚರಿಕೆಯ ಲಕ್ಷಣ: ಮೊದಲ ವರ್ಷದ ಕೋಷ್ಟಕದಲ್ಲಿ ಒಂದೂ ಕೆಂಪು ತಿಂಗಳು ಇಲ್ಲದಿದ್ದರೆ, ಅಥವಾ ಹನ್ನೆರಡೂ ತಿಂಗಳ ಮಾರಾಟ ಒಂದೇ ಇದ್ದರೆ, ಅಂಕಿಗಳನ್ನು ಕುಳಿತಲ್ಲೇ ಬರೆದಿದ್ದಾರೆ.

## ಹಂತ 6: ನೋಂದಣಿ ಮತ್ತು ಹಣದ ಮೂಲ (10ನೆಯ ವಾರ)

ಇದನ್ನು ಬೇಗ ಮುಗಿಸಬಹುದು, ಆದರೆ ಕ್ರಮ ತಪ್ಪಬಾರದು. ಸಣ್ಣ ಉದ್ಯಮಗಳಿಗೆಂದು ಕೇಂದ್ರ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ, ಆಧಾರ್ ಆಧಾರಿತ, 2020ರ ಜುಲೈ 1ರಿಂದ ಜಾರಿಯಲ್ಲಿದೆ. ಶುಲ್ಕ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. 2025ರ ಏಪ್ರಿಲ್ 1ರಿಂದ ₹2.5 ಕೋಟಿವರೆಗೆ ಹೂಡಿಕೆ ಮತ್ತು ₹10 ಕೋಟಿವರೆಗೆ ವಹಿವಾಟು ಇರುವ ಘಟಕ ಅತಿ ಸಣ್ಣ ಉದ್ಯಮವೆನಿಸುತ್ತದೆ. ಕರ್ನಾಟಕದಲ್ಲಿ ಸರಕು ಮಾರುವವರಿಗೆ ವಾರ್ಷಿಕ ₹40 ಲಕ್ಷ, ಸೇವೆ ಒದಗಿಸುವವರಿಗೆ ₹20 ಲಕ್ಷ ವಹಿವಾಟು ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕು. ಆದರೆ ತೆರಿಗೆಗೆ ಒಳಪಟ್ಟ ಸರಕನ್ನು ಹೊರ ರಾಜ್ಯಕ್ಕೆ ಮಾರುವುದಾದರೆ ಈ ವಿನಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಆಹಾರ ತಯಾರಿಸುವ ತಂಡಕ್ಕೆ ಎಫ್.ಎಸ್.ಎಸ್.ಎ.ಐ. (ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ, ಎಲ್ಲರಿಗೂ ಸ್ಥಳೀಯ ಪಂಚಾಯಿತಿ ಅಥವಾ ಪುರಸಭೆಯ ಪರವಾನಗಿ, ಯಂತ್ರವಿದ್ದರೆ ಕೈಗಾರಿಕಾ ದರದ ವಿದ್ಯುತ್ ಸಂಪರ್ಕ, ಇವುಗಳ ಅರ್ಜಿ ನಮೂನೆಯನ್ನು ವಿದ್ಯಾರ್ಥಿಗಳು ಕಚೇರಿಗೆ ಹೋಗಿಯೇ ತರಲಿ. ಗೆಳೆಯರೇ ಪಾಲುದಾರರಾಗುವುದಾದರೆ ಪಾಲು, ಸಂಬಳ, ಬಿಟ್ಟು ಹೋಗುವವರ ಲೆಕ್ಕ ಮೂರನ್ನೂ ಬರೆದು ಸಹಿ ಹಾಕಿಸಿ.

ಸಾಲದ ವಿಷಯದಲ್ಲಿ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ ₹50,000ವರೆಗೆ, ಕಿಶೋರ್‌ನಲ್ಲಿ ₹5 ಲಕ್ಷದವರೆಗೆ, ತರುಣ್‌ನಲ್ಲಿ ₹10 ಲಕ್ಷದವರೆಗೆ ಅಡಮಾನವಿಲ್ಲದ ಸಾಲವಿದೆ. ಪಿ.ಎಂ.ಇ.ಜಿ.ಪಿ. (ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ) ನಿಯಮಗಳಲ್ಲಿ ತಯಾರಿಕಾ ಘಟಕಕ್ಕೆ ₹50 ಲಕ್ಷ, ಸೇವಾ ಘಟಕಕ್ಕೆ ₹20 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ ಸಹಾಯಧನವಿದೆ. ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 25, ಮಹಿಳೆಯರೂ ಸೇರಿದಂತೆ ವಿಶೇಷ ವರ್ಗಗಳಿಗೆ ಶೇ. 35. ಸ್ವಂತ ಪಾಲು ಕ್ರಮವಾಗಿ ಶೇ. 10 ಮತ್ತು ಶೇ. 5. ಅರ್ಜಿ ಹಾಕುವ ದಿನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಚಾಲ್ತಿಯಲ್ಲಿರುವ ನಿಯಮವನ್ನು ಕೇಳಿಕೊಳ್ಳಬೇಕು.

ಇಲ್ಲಿ ವಿದ್ಯಾರ್ಥಿಗಳು ಎರಡು ಕಡೆ ಎಡವುತ್ತಾರೆ. ಸಹಾಯಧನ ಕೈಗೆ ಬರುವ ನಗದಲ್ಲ, ಅದು ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿ ಕೂತಿದ್ದು ಆಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಅದನ್ನು ಮೊದಲ ತಿಂಗಳ "ಬಂದ ಹಣ"ದಲ್ಲಿ ಬರೆದರೆ ಇಡೀ ಕೋಷ್ಟಕ ಸುಳ್ಳಾಗುತ್ತದೆ. ಇನ್ನೊಂದು, ಈ ಸಹಾಯಧನ ಹೊಸ ಘಟಕಗಳಿಗೆ. ಸಾಲ ಮಂಜೂರಾಗುವ ಮೊದಲೇ ಯಂತ್ರಕ್ಕೆ ಮುಂಗಡ ಕೊಟ್ಟು ಕೂರಬಾರದು. ಓದು ಮುಗಿಯುವ ಮೊದಲು ಯಾವ ವಿದ್ಯಾರ್ಥಿಯನ್ನೂ ಸಾಲಕ್ಕೆ ಸಹಿ ಹಾಕಲು ಪ್ರೇರೇಪಿಸಬೇಡಿ. ನಿಜವಾಗಿ ಮುಂದುವರಿಯುವ ಮನಸ್ಸಿರುವವರಿಗೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳ ದಾರಿ ತೋರಿಸಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಇವು ಜಿಲ್ಲೆಗಳಲ್ಲಿವೆ, ಊಟ ವಸತಿ ಸಹಿತ ತರಬೇತಿ ಉಚಿತ. ಧಾರವಾಡದ ಸಿಡಾಕ್ (ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ) ಕೂಡ ಇದೇ ಕೆಲಸ ಮಾಡುತ್ತದೆ.

## ಹಂತ 7: ಬರವಣಿಗೆ (11 ಮತ್ತು 12ನೆಯ ವಾರ)

ಓದುವ ಕ್ರಮ ಬೇರೆ, ಬರೆಯುವ ಕ್ರಮ ಬೇರೆ. ವರದಿಯಲ್ಲಿ ಸಾರಾಂಶ ಮೊದಲ ಪುಟದಲ್ಲಿರುತ್ತದೆ, ಆದರೆ ಅದನ್ನು ಕೊನೆಯ ದಿನ ಬರೆಯಬೇಕು. ಮೊದಲು ಒಂದು ತಟ್ಟೆಯ ವೆಚ್ಚ, ಆಮೇಲೆ ಹನ್ನೆರಡು ತಿಂಗಳ ಕೈ ಹಣ, ಆಮೇಲೆ ತಯಾರಿಕೆಯ ವಿಧಾನ ಮತ್ತು ಯಂತ್ರ, ಗಿರಾಕಿಗಳು ಮತ್ತು ಸ್ಪರ್ಧಿಗಳು, ನಡೆಸುವವರು, ಅಪಾಯಗಳು, ಹೀಗೆ ಸಾಗಲಿ. ಇಡೀ ವರದಿ ಹನ್ನೆರಡು ಪುಟ ಮೀರಬಾರದು. ಪ್ರತಿ ಅಂಕಿಯ ಪಕ್ಕದಲ್ಲಿ ನೋಟ್‌ಬುಕ್ಕಿನ ಪುಟಸಂಖ್ಯೆ ಇರಬೇಕು. ಯಂತ್ರದ ಬೆಲೆಗೆ ಇಬ್ಬರು ಮಾರಾಟಗಾರರ ಕೊಟೇಷನ್ ಲಗತ್ತಿಸಬೇಕು.

"ಅಪಾರ ಬೇಡಿಕೆ ಇದೆ", "ಎಲ್ಲ ವರ್ಗದ ಜನರೂ ನಮ್ಮ ಗ್ರಾಹಕರು", "ಮಾರಾಟ ವರ್ಷಕ್ಕೆ ಶೇ. 10ರಂತೆ ಏರುತ್ತದೆ" ಎಂಬ ಮೂರು ವಾಕ್ಯಗಳನ್ನು ನಾನು ತರಗತಿಯಲ್ಲಿ ನಿಷೇಧಿಸಿದ್ದೇನೆ. ಭಾಷೆ ತಿದ್ದಿಕೊಳ್ಳಲು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ಬಳಸಿದರೆ ಅಡ್ಡಿಯಿಲ್ಲ, ಬಿಲ್ಲಿಲ್ಲದ ಅಂಕಿ ಮಾತ್ರ ಒಳಗೆ ಬರುವಂತಿಲ್ಲ.

ಅಪಾಯಗಳ ಭಾಗವನ್ನು ವಿದ್ಯಾರ್ಥಿಗಳು ಮೂರು ಸಾಲಿನಲ್ಲಿ ಮುಗಿಸಿಬಿಡುತ್ತಾರೆ: ಸ್ಪರ್ಧೆ ಹೆಚ್ಚಬಹುದು, ಬೆಲೆ ಏರಬಹುದು, ನಾವು ಶ್ರಮಿಸುತ್ತೇವೆ. ಅದಕ್ಕೆ ಒಪ್ಪಬೇಡಿ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಿಕೆ ಹಾಳೆಯ ತಟ್ಟೆಗಳಿಂದ ಹಾನಿಕಾರಕ ಅಂಶಗಳು ಆಹಾರಕ್ಕೆ ಸೇರಬಹುದೆಂದು ಹೇಳಿ, ಅವುಗಳನ್ನು ಆಹಾರ ಬಡಿಸಲು ಬಳಸುವುದಕ್ಕೆ ಅನುಮತಿಯಿಲ್ಲವೆಂದು ತಿಳಿಸಿತು. ರಫ್ತನ್ನೇ ನಂಬಿದ್ದ ತಯಾರಕರಿಗೆ ಒಂದು ದೊಡ್ಡ ಮಾರುಕಟ್ಟೆಯ ಬಾಗಿಲು ಮುಚ್ಚಿತು. ಅದಕ್ಕೂ ಮೊದಲು ನನ್ನ ಬಳಿ ಬಂದ ಹಾಳೆ ತಟ್ಟೆಯ ವರದಿಗಳಲ್ಲಿ "ಮೂರನೆಯ ವರ್ಷದಿಂದ ಅಮೆರಿಕಕ್ಕೆ ರಫ್ತು" ಎಂಬ ಸಾಲು ಇರುತ್ತಿತ್ತು, ನಾನು ಅದರ ಪಕ್ಕದಲ್ಲಿ ಸರಿ ಗುರುತು ಹಾಕುತ್ತಿದ್ದೆ. ಈಗ ಪ್ರತಿ ತಂಡವೂ "ಅತಿ ದೊಡ್ಡ ಗಿರಾಕಿ ನಾಳೆಯಿಂದ ಬೇಡ ಎಂದರೆ ಎಷ್ಟು ತಿಂಗಳು ಉಳಿಯುತ್ತೇವೆ?" ಎಂಬ ಪ್ರಶ್ನೆಗೆ ಐದನೆಯ ಹಂತದ ಕೋಷ್ಟಕವನ್ನು ಮತ್ತೊಮ್ಮೆ ಬರೆದು ಉತ್ತರಿಸಬೇಕು.

## ಹಂತ 8: ಮೌಖಿಕ ಪರೀಕ್ಷೆ ಮತ್ತು ಅಂಕ (13 ಮತ್ತು 14ನೆಯ ವಾರ)

ಪರೀಕ್ಷಕರಾಗಿ ನಿವೃತ್ತ ಬ್ಯಾಂಕ್ ಅಧಿಕಾರಿ ಒಬ್ಬರನ್ನೂ ಅದೇ ಕಸುಬಿನ ಒಬ್ಬರನ್ನೂ ಕೂರಿಸಿ. ಪಿ.ಪಿ.ಟಿ. ಬೇಡ. ತಂಡದ ಪ್ರತಿಯೊಬ್ಬರಿಗೂ ಬೇರೆ ಬೇರೆ ಅಧ್ಯಾಯದ ಮೇಲೆ ಪ್ರಶ್ನೆ ಹೋಗಲಿ, ಮತ್ತು ತಾನು ಬರೆಯದ ಅಧ್ಯಾಯದ ಮೇಲೆ ಹೋಗಲಿ. ಒಬ್ಬನೇ ಎಲ್ಲಕ್ಕೂ ಉತ್ತರಿಸುತ್ತಿದ್ದರೆ ಉಳಿದ ಮೂವರು ಹೆಸರಿಗೆ ಮಾತ್ರ ಇದ್ದಾರೆ.

ನೂರು ಅಂಕಗಳಲ್ಲಿ ಊರು ಸುತ್ತಿದ ನೋಟ್‌ಬುಕ್ಕಿಗೆ 30, ಲೆಕ್ಕಕ್ಕೆ 30, ಪ್ರಯೋಗದ ಮಾರಾಟಕ್ಕೆ 15, ವರದಿಗೆ 15, ಮೌಖಿಕಕ್ಕೆ 10 ಕೊಡುತ್ತೇನೆ. ವರದಿಗೆ ಇಷ್ಟು ಕಡಿಮೆಯೇ ಎಂದು ಮೊದಲ ದಿನ ಗೊಣಗುತ್ತಾರೆ, ಆದರೆ ಅಂಕ ಎಲ್ಲಿದೆಯೋ ವಿದ್ಯಾರ್ಥಿಯ ಶ್ರಮ ಅಲ್ಲಿಗೆ ಹೋಗುತ್ತದೆ. ಈ ಹಂಚಿಕೆಯನ್ನು ಮೊದಲ ವಾರವೇ ಗೋಡೆಗೆ ಅಂಟಿಸಿ. "ಈ ವ್ಯವಹಾರ ಇಲ್ಲಿ ನಡೆಯುವುದಿಲ್ಲ" ಎಂದು ಅಂಕಿಗಳೊಂದಿಗೆ ತೋರಿಸಿದ ತಂಡಕ್ಕೂ ಪೂರ್ಣ ಅಂಕ ಸಿಗಬಹುದೆಂದು ಅದರ ಕೆಳಗೆ ದಪ್ಪಕ್ಷರದಲ್ಲಿ ಬರೆಯಿರಿ. ನೋಟ್‌ಬುಕ್ಕುಗಳನ್ನು ಪರೀಕ್ಷೆಯ ನಂತರ ರದ್ದಿಗೆ ಹಾಕದೆ ಗ್ರಂಥಾಲಯದ ಒಂದು ಕಪಾಟಿನಲ್ಲಿಡಿ. ಮುಂದಿನ ವರ್ಷದ ತಂಡ ಎರಡನೆಯ ಹಂತವನ್ನು ಅವುಗಳನ್ನು ಓದಿಯೇ ಆರಂಭಿಸಬೇಕು, ಮತ್ತು ಹಳೆಯ ದರದ ಪಕ್ಕದಲ್ಲಿ ಆ ವರ್ಷದ ದರವನ್ನು ತಾನು ವಿಚಾರಿಸಿ ಬರೆಯಬೇಕು.